ಕಣ್ಣಾಡಿ ದೊರೆಯ ಕಪ್ಪು ದೀಪ

ಚಿಕ್ಕಬಳ್ಳಾಪುರ

ಸಿಂಹಳಕ್ಕೆ ಹೋಗಿ ಬಂದವಳು ಎಂದು ಗೊತ್ತಾದರೆ ನಮ್ಮ ಕಡೆಯ ಹೆಂಗಸರು ಮೊದಲು ಕೇಳುವುದು ರಾವಣನ ಊರು ಹೇಗಿದೆ ಎಂದು. ಸೀತಮ್ಮನನ್ನು ಇಟ್ಟಿದ್ದ ವನ ನೋಡಿದಿರಾ, ಅಲ್ಲಿಯ ಮಣ್ಣು ಈಗಲೂ ಕಪ್ಪಗಿದೆಯಂತೆ, ಹೌದಾ ಎಂದು. ಅದು ಯಾವುದನ್ನೂ ನಾನು ನೋಡಲಿಲ್ಲ. ನಾನು ಹೋದದ್ದು ನನ್ನ ತಂಗಿ ಯಾವ ಗುಂಡಿಯಲ್ಲಿ ಮಲಗಿದ್ದಾಳೆ ಎಂದು ತಿಳಿಯುವುದಕ್ಕೆ.

ತಂಗಿ ರುಕ್ಮಿಣಿಯನ್ನು, ನಮಗೆಲ್ಲ ರುಕ್ಕು, ಸೋದರತ್ತೆಯ ಮಗ ವೆಂಕಟರಾಮುವಿಗೆ ಕೊಟ್ಟಿತ್ತು. ಅವನು ಕ್ಯಾಂಡಿಯ ಆಚೆ ಒಂದು ಟೀ ತೋಟದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಒಂದು ಮಳೆಗಾಲ ಅವನು ಔಷಧಿ ತರಲು ಕ್ಯಾಂಡಿಗೆ ಹೋಗಿದ್ದಾಗ ಬೆಟ್ಟ ಜಾರಿ ಕೂಲಿಯವರ ಸಾಲುಮನೆಗಳ ಮೇಲೆ ಬಿತ್ತು. ಹಡೆದ ಹೆಂಗಸೊಬ್ಬಳನ್ನು ನೋಡಿಬರುತ್ತೇನೆಂದು ರುಕ್ಕು ಆ ಮಧ್ಯಾಹ್ನ ಅಲ್ಲಿಗೆ ಹೋಗಿದ್ದಳು. ಮಣ್ಣು ತೆಗೆಯುವ ಹೊತ್ತಿಗೆ ನಾಲ್ವರು ಹೆಂಗಸರ ಗುರುತು ಯಾರಿಗೂ ಹತ್ತದಂತಾಗಿತ್ತು. ಹೆಚ್ಚು ಬರೆಯಲಾರೆ. ತೋಟದವರು ನಾಲ್ಕು ಗುಂಡಿ ತೋಡಿ ಮಣ್ಣು ಮಾಡಿದರು. ಪೊಲೀಸಿನವರು ಮಾತ್ರ ಒಬ್ಬೊಬ್ಬರ ಕೈಯಲ್ಲಿ ಉಳಿದಿದ್ದ ಬಳೆ ಚೂರುಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಗುಂಡಿಯ ನಂಬರು ಬರೆದು ಇಟ್ಟಿದ್ದರು. ಆ ಬುದ್ಧಿ ಯಾರಿಗೆ ಬಂತೋ, ಅವರ ಹೊಟ್ಟೆ ತಣ್ಣಗಿರಲಿ.

ಅಲ್ಲಿಯ ಮ್ಯಾಜಿಸ್ಟ್ರೇಟರು ಒಂದು ಮಾತು ಹೇಳಿದ್ದರು. ಇಂಥದೇ ಗುಂಡಿ ಎಂದು ಸಾಕ್ಷಿ ತೋರಿಸಿದರೆ ಅದೊಂದನ್ನು ತೆಗೆಸಿ ಕೊಡುತ್ತೇನೆ. ನಾಲ್ಕನ್ನೂ ಅಗೆದು ಹುಡುಕಲು ಬಿಡುವುದಿಲ್ಲ.

ನಮ್ಮ ಅಮ್ಮ ಚಿಕ್ಕಬಳ್ಳಾಪುರದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ನಾನು ಗೌರಿಬಿದನೂರಿನಿಂದ ಬಂದು ಕೂತಾಗ ತಿರುಗಿ ನೋಡದೆಯೇ ಹೇಳಿದರು:

"ಬೆಂಕಿ ಕಾಣ್ದೆ ಮಣ್ಣಿಗೆ ಹೋದ್ಲಲ್ಲೇ ಗೌರು. ಒಂದು ಮೂಳೆನಾದ್ರೂ ತಂದು ರಾಮೇಶ್ವರದಾಗೆ ನೀರಿಗೆ ಬಿಡು. ಅವಳ್ದೇ ಆಗಿರ್ಬೇಕು, ತಿಳೀತಾ? ಕಂಡೋರ ಮನೆಯೋರ್ದು ತಂದು ನನ್ನ ಮಗಳ ಹೆಸರಾಗೆ ಹಾಕ್ಬೇಡ."

"ನೋಡ್ತೀನಮ್ಮ."

"ನೋಡ್ತೀನಿ ಅಲ್ಲ. ನಿಜ ಮಾಡ್ಕೊಂಡು ಬಾ."

ನಿಜ ಮಾಡಿಕೊಳ್ಳಲು ಒಂದು ದಾರಿ ಇತ್ತು, ಅದು ಬಳೆ. ನಮ್ಮ ತಾತನಿಗೆ ಚಿಂತಾಮಣಿಯಲ್ಲಿ ಬಳೆ ಅಂಗಡಿ ಇತ್ತು. ಮೊದಲನೆಯ ಯುದ್ಧಕ್ಕೂ ಹಿಂದೆ ಮದರಾಸಿನಿಂದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಸೀಮೆ ಬಳೆ ಬರುತ್ತಿತ್ತಂತೆ. ಯುದ್ಧ ಬಂತು, ಪೆಟ್ಟಿಗೆ ನಿಂತವು, ಅಂಗಡಿಯೂ ಹೋಯಿತು. ಉಳಿದ ಒಂದು ಕಟ್ಟು ಎಳೆ ನಿಂಬೆಕಾಯಿ ಬಣ್ಣದ ಬಳೆ ಅಜ್ಜಿಯ ಪೆಟ್ಟಿಗೆಯ ತಳದಲ್ಲಿತ್ತು. ರುಕ್ಕು ಮದುವೆಯಾಗಿ ಹೋದ ಮೇಲೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ಕಳಿಸಬೇಕಲ್ಲ, ಆ ಕಟ್ಟನ್ನು ಪೂರ್ತಿ ಅವಳಿಗೇ ಕಳಿಸಿದೆ. ಹರಳು ಕೊಳ್ಳಲು ಕೊಲಂಬಿಗೆ ಹೋಗುತ್ತಿದ್ದ ಅಲೀಪುರದ ಸಾಹೇಬರೊಬ್ಬರು ಒಂದೂ ಒಡೆಯದಂತೆ ಒಯ್ದು ಮುಟ್ಟಿಸಿದರು.

ಆ ತೋಟದ ಮಗ್ಗುಲಲ್ಲಿ ಹಳೆಯ ಗಾಜು ಕೂಡಿಡುವ ಮುದುಕ ದೊರೆಯೊಬ್ಬರಿದ್ದರು. ಕೂಲಿಯವರು ಕರೆಯುತ್ತಿದ್ದುದು ಕಣ್ಣಾಡಿ ದೊರೆ ಎಂದು, ಅವರ ತಮಿಳಿನಲ್ಲಿ ಗಾಜಿಗೆ ಕಣ್ಣಾಡಿ. ವೆಂಕಟರಾಮು ಅವರಿಗೆ ಔಷಧಿ ಕೊಡಲು ಹೋದಾಗ ಒಮ್ಮೆ ರುಕ್ಕುವನ್ನೂ ಕರೆದುಕೊಂಡು ಹೋಗಿದ್ದ. ದೊರೆ ಅವಳ ಬಳೆ ನೋಡಿ, ಕೋಣೆ ಕತ್ತಲು ಮಾಡಿ, ಯಾವುದೋ ದೀಪ ಹಿಡಿದರಂತೆ. ಬಳೆ ಹಸಿರು ಬೆಂಕಿಯ ಹಾಗೆ ಉರಿಯಿತಂತೆ. ಅಂಗಡಿಯಲ್ಲಿ ಸಿಗುವ ಬಳೆ ಹಾಗೆ ಹೊಳೆಯುವುದಿಲ್ಲ, ಚೂರುಗಳನ್ನು ಆ ದೀಪಕ್ಕೆ ಹಿಡಿದರೆ ಹೊಳೆಯುವುದೇ ರುಕ್ಕುವಿನದು ಎಂದು ವೆಂಕಟರಾಮು ಬರೆದಿದ್ದ. ಮ್ಯಾಜಿಸ್ಟ್ರೇಟರೂ ಒಪ್ಪಿದ್ದರು. ಆದರೆ ಒಬ್ಬನೇ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಅಕ್ಕಯ್ಯ, ನೀವು ಬನ್ನಿ ಎಂದ.

ಮಂಡಪಂ

ನಮ್ಮ ಯಜಮಾನರು ಮೇಷ್ಟರು. ರಜೆ ಸಿಕ್ಕಿತು, ದೇವರ ದಯೆ. ಶಿಡ್ಲಘಟ್ಟದ ಕಡೆಯಿಂದ ಬರುವ ಪುಟ್ಟ ರೈಲು ಹತ್ತಿ, ನಂದಿ ದಾಟಿ, ಆಮೇಲೆ ಎಷ್ಟೋ ರೈಲು ಬದಲಾಯಿಸಿ ಸಮುದ್ರದ ಅಂಚಿಗೆ ಬಂದೆವು. ಸಿಂಹಳಕ್ಕೆ ಹೋಗುವವರನ್ನು ಮಂಡಪಂನಲ್ಲಿ ಇಳಿಸಿ ರೋಗ ರುಜಿನ ಇದೆಯೇ ಎಂದು ನೋಡುತ್ತಾರೆ. ಕೂಲಿಗೆ ಹೋಗುವವರನ್ನು ತಂತಿ ಬೇಲಿಯೊಳಗೆ ದನದ ಹಾಗೆ ನಿಲ್ಲಿಸಿದ್ದರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಅದಕ್ಕೆ ಸಂತೋಷಪಡಬೇಕೋ ನಾಚಬೇಕೋ ತಿಳಿಯಲಿಲ್ಲ.

ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿಸಿ ಚಟ್ನಿಪುಡಿಯ ಡಬ್ಬಿ ಎತ್ತಿಕೊಂಡ.

"ಇದೇನಮ್ಮ, ಮದ್ದಾ?"

"ತಿನ್ನೋದು ಸ್ವಾಮಿ."

ಅವನಿಗೆ ನಂಬಿಕೆ ಬರಲಿಲ್ಲ. ಮೂಗಿನ ಹತ್ತಿರ ಹಿಡಿದು ಜೋರಾಗಿ ಎಳೆದ. ಆಮೇಲೆ ಅವನು ಸೀನಿದ ಸೀನಿಗೆ ಮುಂದಿದ್ದ ಕಾಗದಗಳೆಲ್ಲ ಹಾರಿದವು. ಯಜಮಾನರು, "ನಮ್ಮ ಚಿಕ್ಕಬಳ್ಳಾಪುರದ ಮೆಣಸಿನಕಾಯಿ ಸಾರ್," ಎಂದರು. ಅವನು ಕಣ್ಣೊರೆಸಿಕೊಂಡು ಮಿಕ್ಕ ಗಂಟುಗಳನ್ನೆಲ್ಲ ನೋಡದೆಯೇ ಬಿಟ್ಟ. ಊರು ಬಿಟ್ಟ ಮೇಲೆ ನಾನು ನಕ್ಕದ್ದು ಅದೊಂದೇ ಸಲ. ನಕ್ಕ ಮೇಲೆ ತೋಳಿಗೆ ಸೂಜಿ ಚುಚ್ಚಿದರು.

ಹಡಗು

ಧನುಷ್ಕೋಡಿ ಎಂಬ ಊರು ಆಗಿನ್ನೂ ಇತ್ತು. ಈಗ ಅದನ್ನು ಸಮುದ್ರ ನುಂಗಿದೆ. ಅಲ್ಲಿ ಹಡಗು ಹತ್ತಿದೆವು. ಕೆರೆಗಿಂತ ದೊಡ್ಡ ನೀರನ್ನು ನಾನು ಕಂಡವಳಲ್ಲ. ಯಜಮಾನರು ಹೊರಟ ಕೂಡಲೇ ಕಂಬಿ ಹಿಡಿದು ವಾಂತಿ ಮಾಡಲು ನಿಂತವರು ಆ ದಡದವರೆಗೂ ನಿಂತೇ ಇದ್ದರು. ರಾಮಾಯಣ ಪಾಠ ಮಾಡುವವರು ನೀವು, ಹನುಮಂತ ಇದನ್ನು ಹಾರಿದನಲ್ಲ ಎಂದರೆ, "ಹಾರಿದ, ಹಡಗಿನಾಗೆ ಹೋಗ್ಲಿಲ್ಲ ಕಣೇ," ಎಂದರು ಪಾಪ.

ನನಗೆ ಏನೂ ಆಗಲಿಲ್ಲ. ರುಕ್ಕು ಇದೇ ನೀರಿನ ಮೇಲೆ ಒಬ್ಬಳೇ ಅಳುತ್ತಾ ಹೋಗಿದ್ದಳಲ್ಲ ಎಂಬುದೊಂದೇ ಮನಸ್ಸಿನಲ್ಲಿತ್ತು. ಮದುವೆಯಾಗಿ ಹೊರಟಾಗ ಗಂಡ ಜೊತೆಗಿದ್ದ, ನಿಜ. ಆದರೂ ತವರಿನವರು ಯಾರೂ ಇಲ್ಲದಿದ್ದರೆ ನಮ್ಮ ಲೆಕ್ಕದಲ್ಲಿ ಒಬ್ಬಳೇ.

ಕ್ಯಾಂಡಿ

ವೆಂಕಟರಾಮು ಸ್ಟೇಷನ್ನಿಗೆ ಬಂದಿದ್ದ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ. ನನ್ನ ಕಾಲು ಮುಟ್ಟಿ, "ಬಂದ್ರಾ ಅಕ್ಕಯ್ಯ," ಎಂದು ನಮ್ಮ ಗಂಟುಗಳನ್ನು ಎತ್ತಿಕೊಂಡ.

ಬಸ್ಸಿಗೆ ಹೊತ್ತಿತ್ತು. ಅಲ್ಲಿಯ ದೊಡ್ಡ ಬೌದ್ಧ ಗುಡಿಯ ಮುಂದೆ ಕೂತೆವು. ಹೆಂಗಸರೆಲ್ಲ ಬಿಳಿ ಸೀರೆ ಉಟ್ಟು ತಟ್ಟೆಯಲ್ಲಿ ಹೂವು ಹೊತ್ತು ಹೋಗುತ್ತಿದ್ದರು. ಇಷ್ಟು ಮಂದಿಗೆ ಒಟ್ಟಿಗೆ ಏನು ಸಾವು ಬಂತೋ ಎಂದು ವೆಂಕಟರಾಮುವನ್ನು ಕೇಳಿದೆ. ಗುಡಿಗೆ ಹೋಗುವಾಗ ಬಿಳಿ ಉಡುವುದೇ ಅವರ ಪದ್ಧತಿಯಂತೆ. ದೇವರಿಗೆ ಇಡುವ ಹೂವನ್ನು ಅವರೂ ನಮ್ಮ ಹಾಗೆ ಮೂಸುವುದಿಲ್ಲ. ಅದನ್ನು ನೋಡಿ ಮನಸ್ಸಿಗೆ ಕೊಂಚ ನೆಮ್ಮದಿ. ಯಾವ ದೇವರಾದರೇನು, ಮೂಸದೆ ಕೊಟ್ಟ ಹೂವು ಮುಟ್ಟುತ್ತದೆ. ನಾನೂ ಒಂದು ಹಿಡಿ ತೆಗೆದುಕೊಂಡು ಇಟ್ಟು, ಗುರುತು ಹತ್ತಿಸಪ್ಪಾ ಎಂದು ಬೇಡಿಕೊಂಡೆ.

ಟೀ ಕುಡಿಯುವ ರೀತಿಯೂ ಬೇರೆ. ಹಾಲಿಲ್ಲದ ಕಪ್ಪು ಟೀ ಕೊಟ್ಟು ಅಂಗೈಗೆ ಒಂದು ಚೂರು ಬೆಲ್ಲ ಹಾಕುತ್ತಾರೆ. ಒಂದು ಗುಟುಕು, ಒಂದು ಕಡಿತ. ರುಕ್ಕುವೂ ಹೀಗೇ ಕುಡಿಯುತ್ತಿದ್ದಳೇನೋ ಎಂದು ಕೇಳಿದೆ. "ಬೆಲ್ಲ ಎಲ್ಲಾ ತಿಂದ್ಬಿಟ್ಟು ಟೀ ನನಗೆ ಕೊಡ್ತಿದ್ಲು ಅಕ್ಕಯ್ಯ," ಎಂದ ವೆಂಕಟರಾಮು.

ತೋಟ

ಟೀ ಗಿಡಗಳನ್ನು ದೂರದಿಂದ ನೋಡಿದರೆ ನಮ್ಮ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳನ್ನು ಬೆಟ್ಟಕ್ಕೆ ಹೊದಿಸಿದಂತೆ ಕಾಣುತ್ತದೆ. ಹತ್ತಿರ ಹೋದರೆ ಕಾಲಿಗೆ ಜಿಗಣೆ. ಯಜಮಾನರ ಪಂಚೆಯೊಳಗೆ ಒಂದು ಸೇರಿಕೊಂಡು ದೊಡ್ಡ ರಗಳೆಯಾಯಿತು.

ಬೆಟ್ಟ ಜಾರಿದ ಜಾಗವನ್ನು ವೆಂಕಟರಾಮು ತೋರಿಸಲಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ. ಹಸಿರಿನ ನಡುವೆ ಕೆಂಪಗೆ, ಚರ್ಮ ಸುಲಿದ ಹಾಗೆ ಮೇಲಿನಿಂದ ಕೆಳಗಿನವರೆಗೆ. ನಮ್ಮ ನಂದಿಬೆಟ್ಟದ ಬುಡದಲ್ಲಿ ಹುಟ್ಟಿದವರಿಗೆ ಬೆಟ್ಟ ಎಂದರೆ ಬಂಡೆ. ಅದು ಹೊರಳುತ್ತದೆ ಎಂದು ಯಾರೂ ಭಯಪಟ್ಟದ್ದಿಲ್ಲ. ಇಲ್ಲಿ ಬೆಟ್ಟವೇ ಮಣ್ಣು, ಮಳೆ ಕುಡಿದರೆ ಇಳಿದು ಬರುತ್ತದೆ. ನಮ್ಮ ರುಕ್ಕುವಿಗೆ ಅದು ಹೇಗೆ ಗೊತ್ತಿರಬೇಕು?

ನಾಲ್ಕು ಗುಂಡಿಗಳು ಸಾಲಾಗಿದ್ದವು. ಸಣ್ಣ ಹಲಗೆಯ ಮೇಲೆ ನಂಬರು. ಆ ನಾಲ್ವರ ಹೆಸರು ಎಲ್ಲರಿಗೂ ಗೊತ್ತು. ರುಕ್ಕು, ಮುತ್ತಾಯಿ, ಚೆಲ್ಲಮ್ಮ, ಅಂಜಲೈ. ಯಾವ ಹೆಸರು ಯಾವ ಹಲಗೆಗೆ ಎನ್ನುವುದೇ ಗೊತ್ತಿಲ್ಲ. ಮುತ್ತಾಯಿ, ಚೆಲ್ಲಮ್ಮರ ಮನೆಯವರೆಲ್ಲ ಅದೇ ಮಣ್ಣಿನಲ್ಲಿ ಹೋಗಿದ್ದರು, ಕೇಳುವವರೇ ಇರಲಿಲ್ಲ. ಅಂಜಲೈಯ ಗಂಡ ಮಾತ್ರ ಸಂಜೆಯ ಹೊತ್ತು ಬಂದು ನಾಲ್ಕು ಗುಂಡಿಗೂ ಒಂದೊಂದು ಹೂವು ಇಟ್ಟು ಹೋಗುತ್ತಿದ್ದನಂತೆ.

ಕಣ್ಣಾಡಿ ದೊರೆಯ ಬಂಗಲೆ

ಮಾರನೆಯ ದಿನ ಊಟವಾದ ಮೇಲೆ ಪೊಲೀಸ್ ಜಮಾದಾರ ಪೊಟ್ಟಣಗಳನ್ನು ತಂದ. ದೊರೆಯ ಬಂಗಲೆಯಲ್ಲಿ ಮನುಷ್ಯರು ಕೂರಲು ಜಾಗವಿರಲಿಲ್ಲ, ಎಲ್ಲೆಲ್ಲೂ ಗಾಜು. ತಟ್ಟೆ, ಹೂಜಿ, ಎಣ್ಣೆ ದೀಪದ ಬುರುಡೆ, ಮುರಿದ ಹಿಡಿಕೆಗಳು ಸಹ. ನೀಳವಾದ ಮುದುಕ, ಕೈ ನಡುಗುತ್ತದೆ, ಗಾಜು ಹಿಡಿದರೆ ಮಾತ್ರ ನಡುಗುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಯಜಮಾನರು ನನಗೆ ಹೇಳಿದರು. ಹಳೆಯ ಕಾಲದಲ್ಲಿ ಯುರೋಪಿನಲ್ಲಿ ಗಾಜಿಗೆ ಬಣ್ಣ ಬರಲೆಂದು ಯುರೇನಿಯಂ ಎಂಬ ಲೋಹದ ಪುಡಿ ಬೆರೆಸುತ್ತಿದ್ದರಂತೆ. ಈಗ ಅಣುಬಾಂಬಿಗೆ ಹಾಕುವುದೂ ಅದೇ. ಕಣ್ಣಿಗೆ ಕಾಣದ ನೇರಳೆಯಾಚೆಯ ಬೆಳಕು ತಗುಲಿದರೆ ಅದು ಹಸಿರಾಗಿ ಉರಿಯುತ್ತದೆ. ಬೇರೆ ಕೆಲವು ಹಳೆ ಗಾಜುಗಳೂ ಮಂಕಾಗಿ ಮಿನುಗುವುದುಂಟು, ಅದಕ್ಕೆ ಮೋಸ ಹೋಗಬಾರದು. ಹಗಲಿನ ಬಣ್ಣವನ್ನಂತೂ ನಂಬಲೇಬಾರದು.

"ಬಾಂಬಿನ ಪುಡಿನಾ? ಅದನ್ನೇ ನಮ್ಮಜ್ಜಿ ಪೆಟ್ಟಿಗೇಲಿ ಇಟ್ಕೊಂಡಿದ್ದಿದ್ದು?" ಎಂದೆ.

"ಚಿಟಿಕೆಯಷ್ಟು ಇರುತ್ತಂತೆ, ಹೆದರ್ಬೇಡ."

ಜಮಾದಾರ ನಾಲ್ಕು ಪೊಟ್ಟಣಗಳನ್ನೂ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಟ್ಟ. ಎಲ್ಲವೂ ಹಸಿರೇ. ಮುತ್ತೈದೆಯರ ಕೈಯಲ್ಲಿ ಇನ್ನೇನು ಬಣ್ಣವಿದ್ದೀತು. ಒಂದನೆಯ ಪೊಟ್ಟಣದ ಚೂರುಗಳನ್ನು ಬಗ್ಗಿ ನೋಡಿದೆ. ಅದೇ ಎಳೆ ಹಸಿರು. ಇದೇ ರುಕ್ಕುವಿನದು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಒಂದು ಮೂಲೆಯಲ್ಲಿ ಬೆಳಕು ನುಗ್ಗುತ್ತಿತ್ತು. ದೊರೆಯ ಅಡುಗೆಯವಳು ಪೇಚಿಯಮ್ಮ ಅಲ್ಲಿ ನಿಂತು ಕಂಬಳಿಯನ್ನು ಒತ್ತಿ ಹಿಡಿದಳು. ದೀಪ ಒಂದು ಕಬ್ಬಿಣದ ಡಬ್ಬಿ, ಮುಂದೆ ಕಪ್ಪು ಗಾಜು. ಹೊತ್ತಿಸಿದರೂ ಹೊತ್ತಿದಂತೆ ಕಾಣಲಿಲ್ಲ. ಯಜಮಾನರ ಹಲ್ಲು ಮಾತ್ರ ಕತ್ತಲಲ್ಲಿ ಬೆಳ್ಳಗೆ ಕಂಡವು. ದೊರೆ ಅದನ್ನು ಒಂದನೆಯ ಪೊಟ್ಟಣದ ಮೇಲೆ ಹಿಡಿದರು.

ಏನೂ ಇಲ್ಲ. ಇದ್ದಿಲ ಚೂರಿನಂತೆ ಬಿದ್ದಿದ್ದವು.

ಎರಡನೆಯದಕ್ಕೆ ಹಿಡಿದರು. ದೇವರೇ, ಹೇಗೆ ಹೇಳಲಿ. ಮಿಣುಕುಹುಳುಗಳನ್ನು ಹಿಂಡಿ ಸುರಿದಂತೆ ಧಗ್ಗೆಂದು ಹಸಿರು. ವೆಂಕಟರಾಮು ಮುಂದಕ್ಕೆ ಬಗ್ಗಿದ. "ಇದೇ ಅಕ್ಕಯ್ಯ. ಅವತ್ತು ಹಿಂಗೇ ಇತ್ತು. ಅವಳ ಕೈ ಹಿಂಗೇ ಇತ್ತು." ನನಗೂ ಅಳು ಬಂತು, ಅಳುವಿನ ಜೊತೆಗೆ ಒಂದು ಹಗುರ. ಸಿಕ್ಕಳಲ್ಲ. ಅಮ್ಮನಿಗೆ ಹೇಳಬಹುದಲ್ಲ. ಜಮಾದಾರ ಕೂಡಲೇ ಪೊಟ್ಟಣ ಕಟ್ಟತೊಡಗಿದ.

ದೊರೆ ಕೈಯೆತ್ತಿ ತಡೆದರು. ಕೆಲಸ ಅರ್ಧಕ್ಕೆ ಬಿಡುವ ಜಾತಿಯಲ್ಲ ಅವರು. ಮೂರನೆಯದಕ್ಕೆ ಹಿಡಿದರು.

ಅದೂ ಉರಿಯಿತು. ನಾಲ್ಕನೆಯದೂ ಉರಿಯಿತು.

ದೊರೆ ದೀಪವನ್ನೇ ತಿರುಗಿಸಿ ನೋಡಿದರು, ಅದಕ್ಕೇನಾದರೂ ಕೆಟ್ಟಿದೆಯೋ ಎಂಬಂತೆ. ಹಾಗೆ ತಿರುಗಿಸಿದಾಗ ಕಿಟಕಿಯ ಮೂಲೆಯಲ್ಲಿ ಗಾಳಿಯಲ್ಲಿ ತೇಲುವಂತೆ ಎರಡು ಹಸಿರು ಬಳೆ ಹೊತ್ತಿಕೊಂಡವು. ಕಂಬಳಿ ಹಿಡಿದಿದ್ದ ಪೇಚಿಯಮ್ಮನ ಕೈ.

ಅವಳು ಬೆಚ್ಚಿ ಕೈ ಬಿಟ್ಟಳು. ಕಂಬಳಿ ಬಿದ್ದು ಬಿಸಿಲು ನುಗ್ಗಿತು.

"ಇದೆಲ್ಲಿಂದ ಬಂತಮ್ಮ ನಿನಗೆ?" ವೆಂಕಟರಾಮು ಅವಳ ತಮಿಳಿನಲ್ಲೇ ಕೇಳಿದ. ನಮಗೂ ಅಷ್ಟಿಷ್ಟು ತಮಿಳು ಬರುತ್ತದಾದ್ದರಿಂದ ಅವಳ ಮಾತು ಅರ್ಥವಾಗುತ್ತಿತ್ತು.

"ನಿಮ್ಮ ಮನೆಯಮ್ಮನೇ ತೊಡಿಸಿದ್ದಲ್ವಾ ಅಯ್ಯಾ. ಅವರ ಊರಿನ ಹಬ್ಬಕ್ಕೆ. ನಮ್ಮನ್ನೆಲ್ಲಾ ಕೂಡ್ರಿಸಿ, ಅರಿಶಿನ ಹಚ್ಚಿ, ಮೊರದಲ್ಲಿ ಇಟ್ಟು ಕೊಟ್ರು. ನಾನು ಬೇಡಾಂದೆ. ತವರಿಂದ ಬಂದದ್ದು ಒಬ್ಬಳೇ ತೊಡಬಾರ್ದು, ಹಂಚ್ಬೇಕು ಅಂದ್ರು. ಮುತ್ತಾಯಿ ಬಂದಿದ್ಲು. ಚೆಲ್ಲಮ್ಮ ಬಂದಿದ್ಲು."

"ಅಂಜಲೈ?" ಎಂದೆ.

"ಅವಳು ಈಚೆಗೆ ಬಂದೋಳು. ಆಗ ಇರ್ಲಿಲ್ಲ."

ವೆಂಕಟರಾಮುವಿಗೆ ಇದು ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಬಾಗಿನ ಕೊಡುವ ಹೊತ್ತಿಗೆ ಗಂಡಸರು ಮನೆಯಲ್ಲಿರುವುದಿಲ್ಲ. ನಾನಾದರೋ ಅಷ್ಟು ವರ್ಷ ಮೊರ ಹಿಡಿದವಳು. ಗೌರಿಯ ಬಾಗಿನವನ್ನು ಒಬ್ಬಳೇ ಇಟ್ಟುಕೊಳ್ಳುವಂತಿಲ್ಲ ಎಂದು ರುಕ್ಕುವಿಗೆ ಹೇಳಿಕೊಟ್ಟವಳೇ ನಾನು. ಸಮುದ್ರದ ಆಚೆಯೂ ಅವಳು ಅದನ್ನು ನಡೆಸಿಯಾಳು ಎಂದು ಊರಿನಲ್ಲಿ ಕೂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ದೊರೆ ಪೇಚಿಯಮ್ಮನ ಕೈಯನ್ನೇ ನೋಡುತ್ತಿದ್ದರು. ದೇಶವೆಲ್ಲ ಅಲೆದು ಹುಡುಕಿದ ಗಾಜು ನನ್ನ ಅಡುಗೆಮನೆಯಲ್ಲೇ ಪಾತ್ರೆ ತೊಳೆಯುತ್ತಿತ್ತು ಎಂದರಂತೆ. ಆಮೇಲೆ ಬಹಳ ಮೆತ್ತಗೆ, ಚೂರುಗಳಲ್ಲಿ ಒಂದನ್ನು ತಮ್ಮ ಸಂಗ್ರಹಕ್ಕೆ ಕೊಡಬಹುದೇ ಎಂದು ಕೇಳಿದರು. ಕೆಟ್ಟ ಮನುಷ್ಯರಲ್ಲ. ಗಾಜು ಕಂಡರೆ ಅವರಿಗೆ ಬೇರೇನೂ ಕಾಣುವುದಿಲ್ಲ, ಅಷ್ಟೆ. ಯಜಮಾನರು ನನ್ನ ಮುಖ ನೋಡಿ ಅವರಿಗೆ ತಾವೇ ಇಲ್ಲ ಎಂದರು.

ಹಲಗೆಗಳ ಮುಂದೆ

ಜಮಾದಾರ ನೇರವಾಗಿ ಹೇಳಿದ. ಮೂರು ಹೊಳೆದರೆ ಸಾಕ್ಷಿಯಲ್ಲ. ಯಾವ ಗುಂಡಿಯನ್ನೂ ತೆಗೆಯುವುದಿಲ್ಲ.

ಆದರೆ ಬಳೆ ಹೊಳೆಯದ ಒಂದನೆಯ ಗುಂಡಿ ಅಂಜಲೈಯದೆಂದು ತಿಳಿದಿತ್ತು. ಅಂಜಲೈಯ ಗಂಡನಿಗೆ ಹೇಳಿಕಳಿಸಿದೆವು. ಅವನು ಬಂದು ನಂಬಲಾರದೆ ನಿಂತ. ನಿಜವೇ ಅಮ್ಮ ಎಂದು ನನ್ನನ್ನು ಕೇಳಿದ. ನಿಜ ಎಂದೆ. ಅವತ್ತು ಕೈಯಲ್ಲಿದ್ದ ಹೂವನ್ನೆಲ್ಲ ಆ ಒಂದಕ್ಕೇ ಸುರಿದು, ಹಲಗೆಯನ್ನು ತಬ್ಬಿಕೊಂಡು ಕೂತುಬಿಟ್ಟ. ನಾನು ಹೊತ್ತು ತಂದ ಪ್ರಾರ್ಥನೆ ಬೇರೆಯವರ ಮನೆಗೆ ಮುಟ್ಟಿತು. ಹೊಟ್ಟೆಕಿಚ್ಚು ಆಗಲಿಲ್ಲವೆಂದರೆ ಸುಳ್ಳು. ಆಮೇಲೆ, ಆಗಲಿ, ನಾಲ್ವರಲ್ಲಿ ಒಬ್ಬಳಾದರೂ ಸಿಕ್ಕಳು, ಇಷ್ಟು ದೂರ ಬಂದದ್ದು ಪೂರ್ತಿ ವ್ಯರ್ಥವಲ್ಲ ಎಂದುಕೊಂಡೆ.

"ನಮಗೇನು ದಾರಿ?" ಎಂದರು ಯಜಮಾನರು.

"ಮೂರು ಗುಂಡಿ ಮೇಲಿನ ಮಣ್ಣು ಒಂದೊಂದು ಹಿಡಿ ತಗೊಳ್ಳೋಣ. ಮಣ್ಣಿಗೆ ಯಾರ ಅಪ್ಪಣೆ ಬೇಕು?"

"ಅತ್ತೆ ಅವಳ್ದೇ ಆಗಿರ್ಬೇಕು ಅಂದಿದ್ದಾರಲ್ಲೇ."

"ಮೂರ್ರಾಗೆ ಅವಳ್ದೂ ಇದೆಯಲ್ಲ."

ಪೇಚಿಯಮ್ಮ ತನ್ನ ಸೆರಗು ಹರಿದು ಬಟ್ಟೆ ಕೊಟ್ಟಳು.

ರಾಮೇಶ್ವರ

ವೆಂಕಟರಾಮುವೂ ನಮ್ಮ ಜೊತೆ ಹಡಗು ಹತ್ತಿದ. ರಾಮೇಶ್ವರದಲ್ಲಿ ಕನ್ನಡ ಬಲ್ಲ ಪುರೋಹಿತರೊಬ್ಬರು ಸಿಕ್ಕರು. ಸಮುದ್ರದ ಹತ್ತಿರ ಕೂರಿಸಿ ಹೆಸರು, ಗೋತ್ರ, ಸಂಬಂಧ ಹೇಳಿ ಎಂದರು. ಮೂರು ಗಂಟು ನೋಡಿ ಹುಬ್ಬೇರಿಸಿದರು.

"ಹೆಂಡತಿಗೆ ಮಾಡೋದು ಸರಿ. ಯಾವುದಪ್ಪ ಹೆಂಡತೀದು?"

"ಗೊತ್ತಿಲ್ಲ ಸ್ವಾಮಿ."

"ಇನ್ನಿಬ್ಬರ ಗೋತ್ರ?"

"ಅದೂ ಗೊತ್ತಿಲ್ಲ."

"ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಅನ್ನಬಹುದು. ಸಂಬಂಧ ಏನು ಹೇಳ್ಲಿ? ನೀನು ಅವರಿಗೆ ಏನಾಗ್ಬೇಕು?"

ವೆಂಕಟರಾಮು ಮೂರು ಗಂಟುಗಳನ್ನೂ ಹತ್ತಿರಕ್ಕೆ ಎಳೆದುಕೊಂಡ. ದಾರ ಕಟ್ಟಿದ ಕನ್ನಡಕದ ಒಳಗೆ ಕಣ್ಣು ತುಂಬಿತ್ತು.

"ನನ್ನ ಹೆಂಡತಿ ಕೈಲಿ ಬಾಗಿನ ಇಸ್ಕೊಂಡೋರು. ಅವಳಿಗೆ ಅಕ್ಕತಂಗೀರು ಅಂತ ಹೇಳಿ."

ಪುರೋಹಿತರು ಹಾಗೆಯೇ ಹೇಳಿದರು. ಒಳ್ಳೆಯವರು. ಮೂರು ಪಿಂಡ ಇಡಿಸಿದರು. ಮೂರು ಗಂಟುಗಳನ್ನೂ ಅವನು ಒಟ್ಟಿಗೆ ಬಿಚ್ಚಿದ. ಕೆಂಪು ಮಣ್ಣು ಸ್ವಲ್ಪ ಹೊತ್ತು ನೀರಿನಲ್ಲಿ ಕಂಡು ಆಮೇಲೆ ಕಾಣಲಿಲ್ಲ.

ಮತ್ತೆ ಚಿಕ್ಕಬಳ್ಳಾಪುರ

ಅಮ್ಮ ನಾವು ಹೊರಟಾಗ ಇದ್ದಂತೆಯೇ ಗೋಡೆಗೆ ತಿರುಗಿ ಮಲಗಿದ್ದರು. ನಾನು ಪಕ್ಕದಲ್ಲಿ ಕೂತೆ.

"ನೀರಿಗೆ ಬಿಟ್ಯೇನೇ?"

"ಬಿಟ್ವಮ್ಮ. ವೆಂಕಟರಾಮುನೇ ಬಿಟ್ಟ."

"ಅವಳ್ದೇ ತಾನೆ?"

ಹೌದು ಎಂದುಬಿಡಬಹುದಿತ್ತು. ನಾಲಗೆ ಏಳಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಬಳೆ ಹಂಚಿದ್ದು, ದೀಪ ಹಿಡಿದದ್ದು, ಮೂರು ಉರಿದದ್ದು. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಗೇ ಕೇಳಿದಂತೆ ಕೇಳಿದರು:

"ಹಂಗಾದ್ರೆ ಒಬ್ಬಳೇ ಹೋಗ್ಲಿಲ್ಲ ಅವಳು?"

"ಇಲ್ಲಮ್ಮ. ಅವಳ ಬಳೆ ತೊಟ್ಟೋರು ಇಬ್ಬರಿದ್ರು ಜೊತೆಗೆ."

ಅಮ್ಮ ಎದ್ದು ಕೂತರು. ಕೂದಲು ಕೊಡವಿ ಗಂಟು ಹಾಕಿಕೊಂಡರು.

"ಆ ಇಬ್ಬರ ಹೆಸರೇನು ಹೇಳು," ಎಂದರು. "ಅವಳ ಹೆಸರಾಗೆ ಮುತ್ತೈದೆ ಊಟ ಹಾಕ್ಬೇಕಲ್ಲ. ಮೂರು ಜನನ ಕರೀಬೇಕಾಯ್ತು."